ಮನೆಯ ಪಾಠಶಾಲೆ: ಅಕ್ಷರಗಳ ಸರ



ಕಳೆದ ಸಂಚಿಕೆಯ ಪಾಠದಲ್ಲಿ ಗಣಕಯಂತ್ರದಿಂದ ಅಂಕಿಗಳ ಲೆಕ್ಕವನ್ನು ಮಾಡಿಸುವ ಬಗೆಯನ್ನು ವಿಚಾರಿಸಿದೆವು. ಈ ತಿಂಗಳು ಅಕ್ಷರಗಳ ಲೆಕ್ಕವನ್ನು ಎತ್ತಿಕೊಳ್ಳುವೆವು. ಅಂಕಿಗಳಿಗೆ ಲೆಕ್ಕವುಂಟು, ಅಕ್ಷರಗಳಿಗೆ ಎಂತಹ ಲೆಕ್ಕವೆಂದು ಕೆಲವರು ನಗಬಹುದು. ವಿಚಾರಿಸಿ ನೋಡಿದರೆ ಗೃಹಸ್ಥನ ಬಾಳಿನೊಳಕ್ಕೆ ಈ ಯಂತ್ರವು ಪ್ರವೇಶಿಸಿರುವುದು ಅಂಕಿಗಳಿಗಿಂತ ಹೆಚ್ಚಾಗಿ ಅಕ್ಷರಗಳ ಮೂಲಕವೇ. ಹೊಲದ ಪಹಣಿ, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಮಕ್ಕಳ ಅಂಕಪಟ್ಟಿ, ವೃದ್ಧಾಪ್ಯ ವೇತನದ ಅರ್ಜಿ, ಇವೆಲ್ಲದರಲ್ಲಿಯೂ ಮೊದಲು ಬರೆಯುವುದು ಹೆಸರು, ಆಮೇಲೆ ಊರು. ಒಂದು ದಫ್ತರದಲ್ಲಿರುವ ಹೆಸರೂ ಇನ್ನೊಂದು ದಫ್ತರದಲ್ಲಿರುವ ಹೆಸರೂ ಒಂದೇ ಎಂದು ಯಂತ್ರವು ಒಪ್ಪಿದರೆ ಹಣವು ಕೈಸೇರುವುದು. ಒಪ್ಪದಿದ್ದರೆ ಮುದುಕರು ಕೈಯಲ್ಲಿ ಕಾಗದಗಳನ್ನು ಹಿಡಿದು ಕಚೇರಿಯಿಂದ ಕಚೇರಿಗೆ ತಿರುಗಬೇಕಾಗುವುದು. ಆ ಒಪ್ಪಿಗೆಯನ್ನು ಯಂತ್ರವು ಹೇಗೆ ಕೊಡುವುದು, ಏಕೆ ಕೊಡದೆ ಹೋಗುವುದು ಎಂಬುದು ಈ ಪಾಠದ ಸಾರ. ಆದುದರಿಂದ ಇದನ್ನು ಹುಡುಗರ ಪಾಠವೆಂದು ಹಿರಿಯರು ಬದಿಗೆ ಸರಿಸತಕ್ಕದ್ದಲ್ಲ.

ಸರವೆಂದರೇನು?

ಗಣಕವಿದ್ಯೆಯವರು ಅಕ್ಷರಗಳ ಸಾಲನ್ನು ‘ಸ್ಟ್ರಿಂಗ್’ ಎನ್ನುವರು. ಆ ಶಬ್ದಕ್ಕೆ ದಾರ, ಪೋಣಿಸಿದ ಸರ ಎಂಬ ಅರ್ಥಗಳಿವೆ. ನಾವು ಸರವೆಂದೇ ಕರೆಯೋಣ. ಅದರಲ್ಲಿ ಪೋಣಿಸಿರುವ ಒಂದೊಂದು ಚಿಹ್ನೆಯನ್ನೂ ಮಣಿ ಎನ್ನೋಣ. ಹೆಸರು, ವಾಕ್ಯ, ಪತ್ರ, ಪುರಾಣ, ಎಲ್ಲವೂ ಯಂತ್ರಕ್ಕೆ ಸರಗಳೇ. ಚಿಕ್ಕ ಸರ, ದೊಡ್ಡ ಸರ ಎಂಬುದಷ್ಟೇ ಭೇದ.

ಪ್ರಯೋಗಕ್ಕಾಗಿ ಪೈಥಾನ್ ಎಂಬ ಭಾಷೆಯನ್ನು ಇಟ್ಟುಕೊಂಡಿರುವೆವು. ಇದನ್ನು ಗೀಡೋ ಫಾನ್ ರಾಸಮ್ ಎಂಬ ಡಚ್ ವಿದ್ವಾಂಸನು ೧೯೯೧ರಲ್ಲಿ ಲೋಕಕ್ಕೆ ಕೊಟ್ಟನು. ಅದೇ ವರ್ಷದಲ್ಲಿಯೇ ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚುವ ಯೂನಿಕೋಡ್ ಎಂಬ ಏರ್ಪಾಟಿನ ಮೊದಲ ಆವೃತ್ತಿಯು ಹೊರಟಿತು. ಕನ್ನಡಕ್ಕೂ ಅದರಲ್ಲಿ ಸ್ಥಾನ ದೊರೆಯಿತು. ೩೨೦೦ರಿಂದ ೩೩೨೭ರ ವರೆಗಿನ ೧೨೮ ಮನೆಗಳು ಕನ್ನಡದವು. ‘ಕ’ ೩೨೨೧ನೆಯ ಮನೆಯಲ್ಲಿಯೂ ‘ಬ’ ೩೨೪೪ನೆಯ ಮನೆಯಲ್ಲಿಯೂ ಇರುವುವು. ೨೦೦೮ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯಿಂದೀಚೆಗೆ ಅದರ ಸರಗಳೆಲ್ಲವೂ ಈ ಸಂಖ್ಯೆಗಳಿಂದಲೇ ಆಗಿರುವುವು. ಈ ಭಾಷೆಯ ಆಜ್ಞೆಗಳನ್ನು ಯಂತ್ರದಲ್ಲಿ ಇಂಗ್ಲಿಷ್ ಲಿಪಿಯಲ್ಲಿಯೇ ಬರೆಯಬೇಕು. ಇಲ್ಲಿ ಅವುಗಳ ಉಚ್ಚಾರಣೆಯನ್ನು ಮಾತ್ರ ಕೊಟ್ಟಿರುವೆವು. ಸರಕ್ಕೆ ಇಡುವ ಹೆಸರು ಮಾತ್ರ ಕನ್ನಡದಲ್ಲಿಯೂ ಇರಬಹುದು. ಹೀಗೆ:

ಊರು = "ಬಳಗಾನೂರು"

ಉದ್ಧರಣಚಿಹ್ನೆಗಳ ಒಳಗಿರುವುದು ಸರ. ಎಡಗಡೆಯದು ಅದನ್ನು ಕರೆಯುವ ಹೆಸರು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಗೆ ಸೇರಿದ ನಮ್ಮ ಬಳಗಾನೂರನ್ನು ನಿದರ್ಶನಕ್ಕೆ ತೆಗೆದುಕೊಂಡಿರುವುದು ಊರ ಮೇಲಣ ಅಭಿಮಾನದಿಂದ ಮಾತ್ರವಲ್ಲ. ಕಲಿಯತಕ್ಕ ಸಂಗತಿಗಳೆಲ್ಲ ಆ ಒಂದು ಹೆಸರಿನಲ್ಲಿಯೇ ಅಡಗಿರುವುದರಿಂದ.

ಎಣಿಕೆ

ಸರದ ಉದ್ದವನ್ನು ಹೇಳುವ ಆಜ್ಞೆ ‘ಲೆನ್’. ಎಲ್, ಇ, ಎನ್ ಎಂಬ ಮೂರು ಅಕ್ಷರಗಳು. ಬಳಗಾನೂರಿನಲ್ಲಿ ಅಕ್ಷರಗಳೆಷ್ಟು ಎಂದು ಮನೆಯ ಮಗುವನ್ನು ಕೇಳಿರಿ. ಬ, ಳ, ಗಾ, ನೂ, ರು, ಐದು ಎಂದು ಬೆರಳು ಮಡಿಸುವುದು. ಯಂತ್ರವನ್ನು ಕೇಳಿದರೆ ಎಂಟು ಎನ್ನುವುದು.

ಇವರಲ್ಲಿ ಯಾರು ತಪ್ಪಿದರು? ಯಾರೂ ಇಲ್ಲ. ನಾವು ಹಿಂದೆ ಕಾಗುಣಿತವನ್ನು ಹೇಗೆ ಕಲಿತೆವೆಂಬುದನ್ನು ನೆನೆಯಿರಿ: ಗಕಾರಕ್ಕೆ ಇಳಿ ಕೊಟ್ಟರೆ ಗಾ, ನಕಾರಕ್ಕೆ ಕೊಂಬಿನ ಇಳಿ ಕೊಟ್ಟರೆ ನೂ, ರಕಾರಕ್ಕೆ ಕೊಂಬು ಕೊಟ್ಟರೆ ರು. ಯಂತ್ರವು ಇಳಿಯನ್ನೂ ಕೊಂಬನ್ನೂ ಬೇರೆ ಬೇರೆ ಮಣಿಗಳಾಗಿ ಎಣಿಸುವುದು. ಬ, ಳ, ಗ, ಇಳಿ, ನ, ಕೊಂಬಿನ ಇಳಿ, ರ, ಕೊಂಬು: ಸರಿಯಾಗಿ ಎಂಟು.

ವ್ಯಾಕರಣವನ್ನು ಓದಿದವರು ಇನ್ನೊಂದು ಲೆಕ್ಕವನ್ನು ಹೇಳುವರು. ವರ್ಣವೇ ಬೇರೆ, ಅಕ್ಷರವೇ ಬೇರೆ. ಬ್, ಅ, ಳ್, ಅ, ಗ್, ಆ, ನ್, ಊ, ರ್, ಉ, ಹೀಗೆ ಬಿಡಿಸಿದರೆ ವರ್ಣಗಳು ಹತ್ತು. ಮೊದಲ ಎರಡು ವ್ಯಂಜನಗಳಲ್ಲಿ ಅಡಗಿರುವ ಅಕಾರಗಳನ್ನು ಯಂತ್ರವು ಪ್ರತ್ಯೇಕವಾಗಿ ಬರೆದುಕೊಳ್ಳದಿರುವುದರಿಂದ ಹತ್ತರಲ್ಲಿ ಎರಡು ಕಳೆದು ಎಂಟಾಯಿತು. ಇನ್ನು ಈ ಸರವನ್ನು ಯೂಟಿಎಫ್-೮ ಎಂಬ ರೂಢಿಯ ಕ್ರಮದಲ್ಲಿ ಕಡತದೊಳಗೆ ಇಡುವಾಗ ಕನ್ನಡದ ಒಂದೊಂದು ಮಣಿಗೂ ಮೂರು ಬೈಟುಗಳು ಹಿಡಿಯುವುವು. ಆಗ ನಮ್ಮೂರಿನ ಹೆಸರು ೨೪ ಬೈಟುಗಳಾಗುವುದು.

ಕಿವಿಗೆ ಐದು, ಯಂತ್ರಕ್ಕೆ ಎಂಟು, ವೈಯಾಕರಣನಿಗೆ ಹತ್ತು, ಕಡತಕ್ಕೆ ಇಪ್ಪತ್ತನಾಲ್ಕು. ಯಾವುದನ್ನು ಎಣಿಸುತ್ತಿರುವೆವೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳದೆ ಎಷ್ಟು ಎಂದು ಕೇಳುವುದು, ಕೊಳಗವೋ ಸೇರೋ ಎಂದು ಹೇಳದೆ ಜೋಳವನ್ನು ಅಳೆದಂತೆ. ಇದು ಕೇವಲ ಶಾಸ್ತ್ರದ ಮಾತಲ್ಲ. ಮೊಬೈಲಿನ ಒಂದು ಸಾಧಾರಣ ಸಂದೇಶದಲ್ಲಿ ಇಂಗ್ಲಿಷ್ ಅಕ್ಷರಗಳು ೧೬೦ ಹಿಡಿಯುವುವು. ಕನ್ನಡದ ಮಣಿಗಳು ೭೦ ಮಾತ್ರ. ಹೆಸರಿಗೆ ೨೦ ಬೈಟುಗಳ ಸ್ಥಳವನ್ನು ಮಾತ್ರ ಬಿಟ್ಟಿರುವ ಒಂದು ಪಟ್ಟಿಯಲ್ಲಿ ನಮ್ಮೂರು ‘ಬಳಗಾನೂ’ ಎಂದು ನಿಂತು, ಮುಂದಿನ ರಕಾರದ ಮೂರು ಬೈಟುಗಳಲ್ಲಿ ಎರಡು ಮಾತ್ರ ಉಳಿದು, ಅಲ್ಲೊಂದು ಓದಲಾಗದ ಗುರುತು ಬೀಳುವುದು. ಇಪ್ಪತ್ತು ಅಕ್ಷರಗಳಿಗೆ ಸ್ಥಳವಿದೆಯೆಂದು ಆ ಪಟ್ಟಿಯನ್ನು ರಚಿಸಿದವನು ನೆಮ್ಮದಿಯಿಂದಿರುವನು!

ತುಂಡುಮಾಡುವುದು

ಸರದ ಒಂದು ಭಾಗವನ್ನು ಬಿಡಿಸಿಕೊಳ್ಳುವುದು ಎರಡನೆಯ ಕೆಲಸ. ಇಲ್ಲಿ ಯಂತ್ರವು ಸೊನ್ನೆಯಿಂದ ಎಣಿಸುವುದೆಂಬುದನ್ನು ನೆನಪಿನಲ್ಲಿಡಬೇಕು: ಮೊದಲ ಮಣಿ ಸೊನ್ನೆಯದು, ಎರಡನೆಯದು ಒಂದರದು. ಸರದ ಹೆಸರಿನ ಮುಂದೆ ಚೌಕ ಕಂಸದಲ್ಲಿ ಆದಿಯನ್ನೂ ಅಂತ್ಯವನ್ನೂ ಬರೆದರೆ ತುಂಡು ದೊರೆಯುವುದು:

ಊರು[೦:೩]

ಹೀಗೆ ಕೇಳಿದರೆ ೦, ೧, ೨ ಎಂಬ ಮೂರು ಮಣಿಗಳು ಬರುವುವು, ೩ನೆಯದು ಬಾರದು. (ಯಂತ್ರದಲ್ಲಿ ಈ ಅಂಕಿಗಳನ್ನು ಇಂಗ್ಲಿಷ್ ರೂಪದಲ್ಲಿಯೇ ಬರೆಯಿರಿ.) ಅಂತ್ಯವನ್ನು ಹೇಳಿಯೂ ಅದನ್ನು ಸೇರಿಸದಿರುವುದು ಹೊಸಬರಿಗೆ ವಿಚಿತ್ರವಾಗಿ ತೋರುವುದು. ಆದರೆ ಪಾಣಿನಿಯ ಪ್ರತ್ಯಾಹಾರವನ್ನು ಬಲ್ಲವರಿಗೆ ಇದು ಹೊಸತಲ್ಲ. ಅಚ್ ಎಂದರೆ ಅಕಾರದಿಂದ ಹಿಡಿದು ಚಕಾರವೆಂಬ ಗುರುತಿನ ವರೆಗಿನ ಸ್ವರಗಳು. ಆ ಚಕಾರವು ಎಲ್ಲೆಯನ್ನು ತೋರಿಸುವುದೇ ಹೊರತು ತಾನು ಸ್ವರಗಳ ಗುಂಪಿಗೆ ಸೇರದು. ಹೊಲದ ಬದುವಿನಲ್ಲಿ ನೆಟ್ಟ ಕಲ್ಲು ಹೊಲವನ್ನು ತೋರಿಸುವುದು, ತಾನು ಬೆಳೆಯಾಗದು. ಕೊನೆಯ ಅಂಕಿಯೂ ಹಾಗೆಯೇ.

ಈಗ ಯಂತ್ರವು ಕೊಟ್ಟ ಉತ್ತರವನ್ನು ನೋಡಿರಿ: ‘ಬಳಗ’! ಇನ್ನು ೪ರಿಂದ ಕಡೆಯ ವರೆಗೆ ಕೇಳಿದರೆ ‘ನೂರು’. ನಡುವಿನ ೩ನೆಯ ಮಣಿಯಾದ ಇಳಿಯೊಂದೇ ಹೊರಗುಳಿಯಿತು. ಬಳಗವೂ ನೂರೂ ಕೂಡಿದ ಊರೆಂದು ಮಕ್ಕಳು ಸಂತೋಷಪಡಲಿ. ಅದು ಊರಿನ ಹೆಸರಿನ ನಿರುಕ್ತವೆಂದು ಮಾತ್ರ ಯಾರೂ ತಿಳಿಯಬಾರದು. ಒಂದು ಹೆಜ್ಜೆ ಮುಂದಿಟ್ಟು ೫ರಿಂದ ಕೇಳಿದರೆ ಕೊಂಬಿನ ಇಳಿಯು ವ್ಯಂಜನವಿಲ್ಲದೆ ಮೊದಲಲ್ಲಿ ನಿಲ್ಲುವುದು. ತಾಯಿಯ ಕೈಬಿಟ್ಟ ಮಗುವಿನಂತೆ ಅದಕ್ಕೆ ನಿಲ್ಲಲು ನೆಲೆಯಿಲ್ಲ. ತುಂಡುಮಾಡುವಾಗ ಇಂತಹ ಅನಾಥ ಚಿಹ್ನೆಗಳಾಗದಂತೆ ನೋಡಿಕೊಳ್ಳುವುದು ಕನ್ನಡದ ಸರಗಳನ್ನು ಮುಟ್ಟುವವನ ಮೊದಲ ಕರ್ತವ್ಯ.

ಹುಡುಕುವುದು

ಒಂದು ಸರದೊಳಗೆ ಇನ್ನೊಂದು ಇದೆಯೇ ಎಂದು ನೋಡುವ ಆಜ್ಞೆ ‘ಫೈಂಡ್’. ಬಳಗಾನೂರಿನಲ್ಲಿ ‘ನೂರು’ ಎಲ್ಲಿದೆಯೆಂದರೆ ೪ ಎನ್ನುವುದು. ‘ಊರು’ ಎಲ್ಲಿದೆಯೆಂದರೆ ಮೈನಸ್ ಒಂದು ಎನ್ನುವುದು. ಇಲ್ಲವೆಂದು ಅದರ ಅರ್ಥ. ಕಿವಿಯಲ್ಲಿ ಸ್ಪಷ್ಟವಾಗಿ ಊರು ಎಂದು ಕೇಳುತ್ತಿರುವಾಗ ಇಲ್ಲವೆನ್ನುವುದೇಕೆ? ಸ್ವತಂತ್ರವಾದ ‘ಊ’ ೩೨೧೦ನೆಯ ಮನೆಯದು. ವ್ಯಂಜನಕ್ಕೆ ಹತ್ತಿದ ಕೊಂಬಿನ ಇಳಿಯು ೩೨೬೬ನೆಯ ಮನೆಯದು. ಧ್ವನಿಯೊಂದಾದರೂ ಮಣಿಗಳು ಎರಡು. ಯಂತ್ರಕ್ಕೆ ಕಿವಿಯಿಲ್ಲ, ಮನೆಯ ಸಂಖ್ಯೆಯನ್ನು ಮಾತ್ರ ಅದು ಬಲ್ಲುದು.

ಈ ಗುಟ್ಟನ್ನು ತಿಳಿದವನು ಕೊಂಬಿನ ಇಳಿ, ರ, ಕೊಂಬು ಎಂಬ ಮೂರು ಮಣಿಗಳು ಸರದ ಕೊನೆಯಲ್ಲಿವೆಯೇ ಎಂದು ಕೇಳುವನು. ಅದಕ್ಕೆ ‘ಎಂಡ್ಸ್‌ವಿತ್’ ಎಂಬ ಆಜ್ಞೆಯುಂಟು. ಆಗ ಬಳಗಾನೂರು, ಸಿಂಧನೂರು, ಲಿಂಗಸುಗೂರು, ರಾಯಚೂರು ನಾಲ್ಕೂ ಹೌದೆನ್ನುವುವು, ಮಸ್ಕಿಯೊಂದು ಅಲ್ಲವೆನ್ನುವುದು. ತಾಲೂಕಿನ ಗ್ರಾಮಗಳ ಪಟ್ಟಿಯನ್ನು ಯಂತ್ರಕ್ಕೆ ಕೊಟ್ಟು ಊರೆಂದು ಮುಗಿಯುವ ಹೆಸರುಗಳು ಎಷ್ಟೆಂದು ಮಕ್ಕಳು ತಾವೇ ತೆಗೆಯಬಹುದು.

ಇಲ್ಲಿಯೇ ಇನ್ನೊಂದು ಅಪಾಯವನ್ನು ಹೇಳಿಬಿಡುವೆವು. ಸರದಲ್ಲಿರುವುದೆಲ್ಲ ಅಕ್ಷರವೇ ಎಂದು ಪರೀಕ್ಷಿಸುವ ‘ಇಸ್‌ಆಲ್ಫಾ’ ಎಂಬ ಆಜ್ಞೆಯುಂಟು. ಅರ್ಜಿಯಲ್ಲಿ ಹೆಸರಿನ ಜಾಗದಲ್ಲಿ ಅಂಕಿಯನ್ನೋ ಕಸವನ್ನೋ ಬರೆಯದಿರಲೆಂದು ಇದನ್ನು ಕಾವಲಿಡುವರು. ಈ ಕಾವಲುಗಾರನು ‘ಬಸವ’ ಎಂದರೆ ಒಳಗೆ ಬಿಡುವನು. ‘ಅಲ್ಲಮ’ ಎಂದರೆ ಬಾಗಿಲಲ್ಲಿಯೇ ತಡೆಯುವನು. ಬಸವನಲ್ಲಿ ಬರಿಯ ವ್ಯಂಜನಗಳು ಮೂರು, ಅಲ್ಲಮನಲ್ಲಿ ಹಲಂತಚಿಹ್ನೆಯೊಂದುಂಟು. ಆ ಚಿಹ್ನೆಯೂ ಇಳಿ, ಕೊಂಬುಗಳೂ ಅಕ್ಷರಗಳಲ್ಲವೆಂಬುದು ಆತನ ಮತ. ಇಂಗ್ಲಿಷ್ ಹೆಸರುಗಳನ್ನು ಮಾತ್ರ ಮನಸ್ಸಿನಲ್ಲಿಟ್ಟು ಅರ್ಜಿಗಳನ್ನು ರಚಿಸಿದರೆ ಹೀಗಾಗುವುದು.

ತಿರುಗಿಸುವುದು

ಸರವನ್ನು ಹಿಂದುಮುಂದಾಗಿ ತಿರುಗಿಸುವುದು ಹೊಸಬರಿಗೆ ಎಲ್ಲೆಡೆಯೂ ಕೊಡುವ ಅಭ್ಯಾಸ. ಬಳಗಾನೂರನ್ನು ಬಾಯಿಂದ ತಿರುಗಿಸಿದರೆ ‘ರುನೂಗಾಳಬ’. ಯಂತ್ರವು ಮಣಿಮಣಿಯಾಗಿ ತಿರುಗಿಸುವುದರಿಂದ ಕೊಂಬು ಮೊದಲಿಗೆ ಒಂಟಿಯಾಗಿ ಬಿದ್ದು, ನಕಾರದ ಕೊಂಬಿನ ಇಳಿಯು ರಕಾರಕ್ಕೂ ಗಕಾರದ ಇಳಿಯು ನಕಾರಕ್ಕೂ ಹತ್ತಿ, ‘ರೂನಾಗಳಬ’ ಎಂಬುದರ ಹಿಂದೆ ಒಂದು ಅನಾಥ ಕೊಂಬು ನಿಲ್ಲುವುದು. ಒಬ್ಬರ ಆಭರಣವನ್ನು ನೆರೆಯವರು ಧರಿಸಿದಂತಾಯಿತು.

ವಿಕಟಕವಿ, ಕಿಟಕಿ ಎಂಬ ಮಾತುಗಳು ಎತ್ತ ಓದಿದರೂ ಒಂದೇ ಎಂದು ಎಲ್ಲ ಮಕ್ಕಳೂ ಬಲ್ಲರು. ಭಾರವಿಯು ಕಿರಾತಾರ್ಜುನೀಯದ ಹದಿನೈದನೆಯ ಸರ್ಗದಲ್ಲಿ ಹೀಗೆ ಹಿಂದುಮುಂದಾಗಿ ಓದತಕ್ಕ ಶ್ಲೋಕಗಳನ್ನು ರಚಿಸಿದನು. ಆಲಂಕಾರಿಕರು ಅದನ್ನು ಗತಪ್ರತ್ಯಾಗತವೆನ್ನುವರು. ಆದರೆ ಯಂತ್ರವು ಕಿಟಕಿಯನ್ನು ತಿರುಗಿಸಿ ನೋಡಿ, ಒಂದೇ ಅಲ್ಲವೆಂದು ತೀರ್ಪು ಕೊಡುವುದು. ಕವಿಯು ಅಕ್ಷರಗಳನ್ನು ಎಣಿಸಿದನು, ಯಂತ್ರವು ಮಣಿಗಳನ್ನು ಎಣಿಸಿತು.

ಹಾಗಾದರೆ ಉಪಾಯವೇನು? ಮಣಿಗಳನ್ನು ಮೊದಲು ಅಕ್ಷರದ ಗೊಂಚಲುಗಳಾಗಿ ಕಟ್ಟುವುದು. ಅದರ ವಿಧಿ ಹೀಗೆ:

೧. ಸರದ ಮೊದಲಿನಿಂದ ಒಂದೊಂದೇ ಮಣಿಯನ್ನು ತೆಗೆದುಕೊಳ್ಳಬೇಕು.
೨. ಅದು ಸ್ವತಂತ್ರ ಸ್ವರವೋ ಅಂಕಿಯೋ ತೆರಪೋ ಆಗಿದ್ದರೆ ಹೊಸ ಗೊಂಚಲನ್ನು ಆರಂಭಿಸಬೇಕು.
೩. ವ್ಯಂಜನವಾಗಿದ್ದರೆ ಅದರ ಹಿಂದಿನ ಮಣಿಯನ್ನು ನೋಡಬೇಕು. ಅದು ಹಲಂತಚಿಹ್ನೆಯಾಗಿದ್ದರೆ ಇದು ಒತ್ತಕ್ಷರ. ಹಿಂದಿನ ಗೊಂಚಲಿಗೇ ಸೇರಿಸಬೇಕು. ಇಲ್ಲವಾದರೆ ಹೊಸ ಗೊಂಚಲು.
೪. ಇಳಿ, ಗುಡಿಸು, ಕೊಂಬು, ಸೊನ್ನೆ, ವಿಸರ್ಗ, ಹಲಂತ ಮುಂತಾದ ಉಳಿದ ಚಿಹ್ನೆಗಳನ್ನು ಹಿಂದಿನ ಗೊಂಚಲಿಗೆ ಸೇರಿಸಬೇಕು.

ಮಸ್ಕಿಯ ಮೇಲೆ ಪರೀಕ್ಷಿಸೋಣ. ಮ, ಸ, ಹಲಂತ, ಕ, ಗುಡಿಸು ಎಂದು ಮಣಿಗಳು ಐದು. ಮಕಾರವು ಒಂದು ಗೊಂಚಲು. ಸಕಾರವು ಎರಡನೆಯದನ್ನು ಆರಂಭಿಸಿತು; ಹಲಂತವು ಅದಕ್ಕೆ ಸೇರಿತು; ಹಿಂದೆ ಹಲಂತವಿರುವುದರಿಂದ ಕಕಾರವೂ, ಅದರ ಬೆನ್ನಿಗೆ ಗುಡಿಸೂ ಅಲ್ಲಿಗೇ ಸೇರಿದುವು. ಮ, ಸ್ಕಿ, ಎರಡೇ ಅಕ್ಷರ. ಈ ಗೊಂಚಲುಗಳನ್ನು ತಿರುಗಿಸಿದರೆ ‘ಸ್ಕಿಮ’. ಮಣಿಗಳನ್ನು ತಿರುಗಿಸಿದ್ದರೆ ಸಕಾರ ಕಕಾರಗಳ ಸ್ಥಾನಗಳೇ ಪಲ್ಲಟವಾಗುತ್ತಿದ್ದುವು. ಕಿಟಕಿಯೂ ವಿಕಟಕವಿಯೂ ಈ ಕ್ರಮದಲ್ಲಿ ನೆಟ್ಟಗೆ ಉತ್ತೀರ್ಣವಾಗುವುವು.

ಜೋಡಿಸುವುದು, ಬದಲಿಸುವುದು

ಎರಡು ಸರಗಳ ನಡುವೆ ಕೂಡಿಸುವ ಚಿಹ್ನೆಯನ್ನಿಟ್ಟರೆ ಅವು ಒಂದಾಗುವುವು. ‘ಊರು’ ಮತ್ತು ‘ಊರು’ ಕೂಡಿಸಿದರೆ ಯಂತ್ರವು ‘ಊರುಊರು’ ಎನ್ನುವುದು. ನಾವಾದರೋ ಊರೂರು ಎನ್ನುವೆವು. ಕೂಡಿಸುವುದು ಯಂತ್ರದ ಕೆಲಸ, ಸಂಧಿಯು ನಮ್ಮದು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿಕಾರ್ಯವನ್ನು ವಿಸ್ತಾರವಾಗಿ ನಿರೂಪಿಸಿರುವನು. ಲೋಪ, ಆಗಮ, ಆದೇಶವೆಂಬ ಮೂರು ಹೆಸರುಗಳನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿರುವೆವು. ಅಳಿಸುವುದು, ಸೇರಿಸುವುದು, ಬದಲಿಸುವುದು: ಸರಗಳ ಮೇಲೆ ಯಂತ್ರವು ಮಾಡತಕ್ಕ ಮಾರ್ಪಾಡುಗಳೆಲ್ಲ ಈ ಮೂರೇ. ಆದುದರಿಂದ ಸಂಧಿಯನ್ನು ಕಲಿತ ಹುಡುಗನು ಈ ವಿದ್ಯೆಯ ಅರ್ಧವನ್ನು ಆಗಲೇ ಕಲಿತಿರುವನು.

ಊರೂರು ಆಗಬೇಕಾದರೆ ಮೊದಲ ಸರದ ಕೊನೆಯ ಕೊಂಬನ್ನು ಅಳಿಸಿ, ಎರಡನೆಯದರ ಮೊದಲಿನ ಸ್ವತಂತ್ರ ಊಕಾರದ ಬದಲು ಕೊಂಬಿನ ಇಳಿಯನ್ನು ಇಡಬೇಕು. ಮನೆ, ಅಲ್ಲಿ ಎಂಬುವು ಮನೆಯಲ್ಲಿ ಆಗಬೇಕಾದರೆ ಯಕಾರವನ್ನು ಸೇರಿಸಿ ಅಕಾರವನ್ನು ತೆಗೆಯಬೇಕು. ಯಕಾರದೊಳಗೇ ಅದು ಅಡಗಿತು. ಮಳೆ, ಕಾಲ ಎಂಬುವು ಮಳೆಗಾಲವಾಗುವಾಗ ಕಕಾರಕ್ಕೆ ಗಕಾರವು ಆದೇಶ. ಇಲ್ಲೊಂದು ಸೊಗಸನ್ನು ನೋಡಿರಿ. ಕ ೩೨೨೧, ಗ ೩೨೨೩. ತ ೩೨೩೬, ದ ೩೨೩೮. ಪ ೩೨೪೨, ಬ ೩೨೪೪. ಮಳೆಗಾಲದ ಗಕಾರಕ್ಕೂ ಬೆಟ್ಟದಾವರೆಯ ದಕಾರಕ್ಕೂ ಕಂಬನಿಯ ಬಕಾರಕ್ಕೂ ಸೂತ್ರವೊಂದೇ: ಸಂಖ್ಯೆಗೆ ಎರಡನ್ನು ಕೂಡಿಸುವುದು! ಅಕ್ಷರದಿಂದ ಸಂಖ್ಯೆಯನ್ನು ತಿಳಿಸುವ ಆಜ್ಞೆ ‘ಆರ್ಡ್’. ವರ್ಗಾಕ್ಷರಗಳನ್ನು ಐದೈದಾಗಿ ಉಚ್ಚಾರಣೆಯ ಕ್ರಮದಲ್ಲಿ ಕೂರಿಸಿದ ನಮ್ಮ ಪೂರ್ವಿಕರ ವ್ಯವಸ್ಥೆಯನ್ನು ಯೂನಿಕೋಡ್ ಹಾಗೆಯೇ ಉಳಿಸಿಕೊಂಡುದರ ಫಲವಿದು. ಳಕಾರದ ವಿಷಯದಲ್ಲಿ ಮಾತ್ರ ಭೇದವುಂಟು: ನಮ್ಮ ವರ್ಣಮಾಲೆಯ ಕೊನೆಯಲ್ಲಿರುವ ಅದಕ್ಕೆ ಲಕಾರದ ಪಕ್ಕದ ಮನೆಯನ್ನು ಕೊಟ್ಟಿರುವರು. ಬರಿಯ ಸಂಖ್ಯೆಯ ಕ್ರಮದಲ್ಲಿ ನಿಘಂಟನ್ನು ಜೋಡಿಸಿದವನು ಇದರಿಂದ ತಪ್ಪುವನು.

ಬದಲಿಸುವ ಆಜ್ಞೆ ‘ರಿಪ್ಲೇಸ್’. ಒಂದು ಮಾತು: ಪೈಥಾನಿನಲ್ಲಿ ಸರವು ಶಿಲಾಶಾಸನವಿದ್ದಂತೆ, ಕೆತ್ತಿದ ಮೇಲೆ ತಿದ್ದಲಾಗದು. ರಿಪ್ಲೇಸ್ ಎಂದರೆ ತಿದ್ದಿದ ಹೊಸ ಸರವೊಂದನ್ನು ಯಂತ್ರವು ಕೈಗಿಡುವುದು. ಹಳೆಯದು ಇದ್ದಂತೆಯೇ ಇರುವುದು. ಹೊಸದಕ್ಕೊಂದು ಹೆಸರಿಡುವುದನ್ನು ಮರೆತು, ಬದಲಾಗಲಿಲ್ಲವೆಂದು ಹೊಸಬರು ತಬ್ಬಿಬ್ಬಾಗುವರು.

ಒಂದೋ, ಬೇರೆಯೋ?

ಈಗ ಮುಖ್ಯ ವಿಷಯಕ್ಕೆ ಬರೋಣ. ಎರಡು ಸರಗಳು ಒಂದೇ ಎಂದು ಯಂತ್ರವು ಹೇಳುವುದು ಮಣಿಗೆ ಮಣಿಯನ್ನು ಹಿಡಿದು ನೋಡಿ. ವ್ಯಾಕರಣದ ಉದಾಹರಣೆಗಳಲ್ಲಿ ಸದಾ ಬರುವ ದೇವದತ್ತನನ್ನೇ ಕರೆಯೋಣ. ಅವನ ಹೊಲವು ಸಿಂಧನೂರಿನಲ್ಲಿದೆಯೆಂದು ಇಟ್ಟುಕೊಳ್ಳಿರಿ. ಪಹಣಿಯಲ್ಲಿ ದೇವದತ್ತ, ಸಿಂಧನೂರು. ಪಾಸ್‌ಬುಕ್ಕಿನಲ್ಲಿಯೂ ದೇವದತ್ತ, ಸಿಂಧನೂರು. ಕಣ್ಣಿಗೆ ಒಂದಿಷ್ಟೂ ಭೇದವಿಲ್ಲ. ಆದರೂ ಯಂತ್ರವು ಬೇರೆ ಎನ್ನಲು ನಾಲ್ಕು ದಾರಿಗಳುಂಟು.

ಮೊದಲನೆಯದು ತೆರಪು. ಹೆಸರನ್ನು ಬೆರಳಚ್ಚಿಸಿದವನು ಕೊನೆಯಲ್ಲಿ ಒಂದು ತೆರಪನ್ನು ಒತ್ತಿಬಿಟ್ಟಿದ್ದರೆ ಅದೂ ಒಂದು ಮಣಿಯೇ. ಇದನ್ನು ‘ಸ್ಟ್ರಿಪ್’ ಎಂಬ ಆಜ್ಞೆಯು ಎರಡು ತುದಿಗಳಿಂದಲೂ ಝಾಡಿಸಿ ಹಾಕುವುದು.

ಎರಡನೆಯದು ಏತ್ವ. ದಕಾರಕ್ಕೆ ಏತ್ವವನ್ನು ಒಂದೇ ಮಣಿಯಾಗಿಯೂ ಬರೆಯಬಹುದು. ಎತ್ವವೊಂದು, ದೀರ್ಘದ ಚಿಹ್ನೆಯೊಂದು ಎಂದು ಎರಡು ಮಣಿಗಳಾಗಿಯೂ ಬರೆಯಬಹುದು. ಆಗ ಒಬ್ಬ ದೇವದತ್ತನಿಗೆ ಏಳು ಮಣಿಗಳು, ಇನ್ನೊಬ್ಬನಿಗೆ ಎಂಟು. ಓತ್ವವನ್ನು ಮೂರು ಬಗೆಯಲ್ಲಿ ಬರೆಯಬಹುದು. ಇವನ್ನೆಲ್ಲ ಒಂದೇ ರೂಪಕ್ಕೆ ತರಲು ‘ನಾರ್ಮಲೈಸ್’ ಎಂಬ ಆಜ್ಞೆಯುಂಟು; ‘ಎನ್‌ಎಫ್‌ಸಿ’ ಎಂಬ ಕ್ರಮವನ್ನು ಅದಕ್ಕೆ ಸೂಚಿಸಿದರೆ ಬಿಡಿ ಚಿಹ್ನೆಗಳು ಕೂಡಿ ಒಂದಾಗುವುವು. ಹೋಲಿಸುವುದಕ್ಕೆ ಮುಂಚೆ ಎರಡು ಸರಗಳನ್ನೂ ಹೀಗೆ ಸಮರೂಪಗೊಳಿಸತಕ್ಕದ್ದು.

ಮೂರನೆಯದು ಕಾಣದ ಮಣಿ. ಒತ್ತಕ್ಷರವಾಗದಂತೆ ತಡೆಯಲು ಹಲಂತದ ಮುಂದೆ ಹಾಕುವ, ಅಗಲವಿಲ್ಲದ ಮಣಿಯೊಂದುಂಟು; ಅದರ ಮನೆ ೮೨೦೪. ಪದದ ನಡುವೆ ಅದಕ್ಕೆ ಕೆಲಸವುಂಟು. ಪದದ ಕೊನೆಯಲ್ಲಿ ಉಳಿದುಬಿಟ್ಟರೆ ಕಣ್ಣಿಗೆ ತೋರದು, ಹೋಲಿಕೆಯನ್ನು ಮಾತ್ರ ಕೆಡಿಸುವುದು. ಸ್ಟ್ರಿಪ್ ಇದನ್ನು ತೆಗೆಯದು, ಹುಡುಕಿ ತೆಗೆಯಬೇಕು.

ನಾಲ್ಕನೆಯದು ಸೊನ್ನೆ. ಸಿಂಧನೂರಿನಲ್ಲಿರುವುದು ಅನುಸ್ವಾರ, ೩೨೦೨ನೆಯ ಮನೆಯದು. ಹತ್ತು ಎಂಬಲ್ಲಿರುವುದು ಸೊನ್ನೆಯೆಂಬ ಅಂಕಿ, ೩೩೦೨ನೆಯ ಮನೆಯದು. ಎರಡೂ ದುಂಡಗೆ, ಎರಡರ ಹೆಸರೂ ಸೊನ್ನೆ. ಅವಸರದಲ್ಲಿ ಒಂದರ ಬದಲು ಇನ್ನೊಂದನ್ನು ಒತ್ತಿದರೆ ಓದುವವರಿಗೆ ತಿಳಿಯದು. ಸಿಂಧನೂರೂ ಲಿಂಗಸುಗೂರೂ ಈ ಸೊನ್ನೆಯನ್ನು ಹೊತ್ತ ಊರುಗಳೇ.

ಹಾಗಾದರೆ ಅಂಕಿಯ ಸೊನ್ನೆಗಳನ್ನೆಲ್ಲ ಅನುಸ್ವಾರವಾಗಿ ರಿಪ್ಲೇಸ್ ಮಾಡಿಬಿಡೋಣವೆಂದರೆ, ಸರ್ವೆ ನಂಬರಿನ ೧೦ ಕೆಟ್ಟುಹೋಗುವುದು. ೨೦೨೦ನೆಯ ವರ್ಷವು ಓದಲಾಗದು. ಇಲ್ಲಿ ಪಾಣಿನಿಯು ದಾರಿ ತೋರಿಸುವನು. ಅವನ ಆದೇಶಸೂತ್ರಗಳಲ್ಲಿ ಯಾವುದರ ಸ್ಥಾನದಲ್ಲಿ ಎಂಬುದನ್ನು ಷಷ್ಠಿಯೂ, ಯಾವುದರ ಮುಂದಿರುವಾಗ ಎಂಬುದನ್ನು ಪಂಚಮಿಯೂ, ಯಾವುದು ಪರವಾಗಿರುವಾಗ ಎಂಬುದನ್ನು ಸಪ್ತಮಿಯೂ ಹೇಳುವುವು. ನೆರೆಹೊರೆಯನ್ನು ನೋಡದೆ ಆದೇಶವಿಲ್ಲ. ನಾವೂ ಹಾಗೆಯೇ ವಿಧಿಸಬೇಕು: ಅಂಕಿಯ ಸೊನ್ನೆಗೆ, ಅದರ ಹಿಂದಿನ ಮಣಿಯು ಕನ್ನಡದ ಅಕ್ಷರವೋ ಸ್ವರಚಿಹ್ನೆಯೋ ಆಗಿದ್ದಾಗ ಮಾತ್ರ, ಅನುಸ್ವಾರವು ಆದೇಶ, ಹಿಂದಿನದು ಅಂಕಿಯಾಗಿದ್ದರೆ ಇಲ್ಲ.

ಇಷ್ಟಾದರೂ ಒಂದು ಆಕ್ಷೇಪವು ಉಳಿಯುವುದು. ಪಹಣಿಯಲ್ಲಿ ದೇವದತ್ತನೆಂದೂ ಬ್ಯಾಂಕಿನಲ್ಲಿ ದೇವದತ್ತಪ್ಪನೆಂದೂ ಇದ್ದರೆ? ಒಂದು ಕಡೆ ತಂದೆಯ ಹೆಸರು ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೆ? ಇದಕ್ಕೆ ಯಾವ ಆಜ್ಞೆಯೂ ಇಲ್ಲ, ಇರಬೇಕೆಂದು ಬಯಸುವುದೂ ಸಲ್ಲದು. ಇಲ್ಲಿ ನೆರೆಯ ಮಸ್ಕಿಯ ಬಂಡೆಯು ನಮಗೆ ಪಾಠ ಹೇಳುವುದು. ಜೇಮ್ಸ್ ಪ್ರಿನ್ಸೆಪನು ೧೮೩೭ರಲ್ಲಿ ಬ್ರಾಹ್ಮೀಲಿಪಿಯನ್ನು ಓದಿದ ಕಾಲಕ್ಕೆ ಶಾಸನಗಳಲ್ಲಿ ದೊರೆತ ಹೆಸರು ದೇವಾನಂಪಿಯ, ಪಿಯದಸಿ ಎಂದು. ಗ್ರಂಥಗಳಲ್ಲಿದ್ದ ಹೆಸರು ಅಶೋಕನೆಂದು. ಮಣಿಗೆ ಮಣಿಯನ್ನು ಹೋಲಿಸಿದ್ದರೆ ಇವರು ಎಂದೆಂದಿಗೂ ಇಬ್ಬರೇ. ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ವಿದ್ವಾಂಸರು ಒಬ್ಬನೇ ಎಂದು ನಿರ್ಣಯಿಸಿದರು. ೧೯೧೫ರಲ್ಲಿ, ನಿಜಾಮರ ಆಳ್ವಿಕೆಗೆ ಸೇರಿದ್ದ ಮಸ್ಕಿಯಲ್ಲಿ, ಚಿನ್ನದ ಗಣಿಯ ಇಂಜಿನಿಯರಾದ ಬೀಡನ್ ಎಂಬಾತನು ಕಂಡ ಶಾಸನದಲ್ಲಿ ದೇವಾನಂಪಿಯ ಎಂಬ ಬಿರುದಿನ ಬಳಿಯಲ್ಲಿಯೇ ಅಶೋಕನೆಂಬ ಹೆಸರೂ ದೊರೆತು, ಆ ನಿರ್ಣಯಕ್ಕೆ ಮುದ್ರೆ ಬಿದ್ದಿತು. ಸಾಕ್ಷ್ಯವನ್ನು ಹುಡುಕಿ, ತೂಗಿ, ತೀರ್ಮಾನಿಸಿದವರು ಮನುಷ್ಯರು.

ಚಕ್ರವರ್ತಿಗೆ ತೋರಿಸಿದ ಆ ವಿವೇಚನೆಯು ಹಳ್ಳಿಯ ರೈತನಿಗೂ ಸಲ್ಲತಕ್ಕದ್ದು. ಯಂತ್ರವು ಬೇರೆ ಎಂದರೆ ಮಣಿಗಳು ಬೇರೆ ಎಂದಷ್ಟೇ ಅರ್ಥ. ಮನುಷ್ಯನು ಬೇರೆ ಎಂದಲ್ಲ, ಅವನು ಸುಳ್ಳುಗಾರನೆಂದಂತೂ ಅಲ್ಲ. ಆದುದರಿಂದ ಈ ವಿದ್ಯೆಯನ್ನು ಕಲಿತು ಮುಂದೆ ಕಚೇರಿಗಳ ಕೆಲಸಕ್ಕೆ ಕ್ರಮವಿಧಿಗಳನ್ನು ಬರೆಯುವ ನಮ್ಮ ಮಕ್ಕಳಿಗೆ ಮೂರು ಮಾತುಗಳನ್ನು ಹೇಳುವೆವು. ಹೋಲಿಸುವ ಮೊದಲು ಸಮರೂಪಗೊಳಿಸಿರಿ. ಜನರು ಬರೆದುಕೊಟ್ಟ ಮೂಲದ ಹೆಸರನ್ನು ಅಳಿಸದೆ ಹಾಗೆಯೇ ಕಾಪಾಡಿರಿ, ತಿದ್ದಿದ್ದು ಹೋಲಿಕೆಗೆ ಮಾತ್ರ ಇರಲಿ. ಮೂರನೆಯದಾಗಿ, ಹೆಸರುಗಳು ಹೊಂದದಿದ್ದಾಗ ಹಣವನ್ನು ತಡೆಯುವ ಮೊದಲು ಆ ಎರಡು ಹೆಸರುಗಳನ್ನೂ ಒಬ್ಬ ಮನುಷ್ಯನ ಕಣ್ಣ ಮುಂದೆ ಇಡುವಂತೆ ಬರೆಯಿರಿ. ಹಿರಿಯರು ಮಾಡತಕ್ಕದ್ದು ಇಷ್ಟು: ಹೆಸರು ಹೊಂದುವುದಿಲ್ಲವೆಂದು ಯಾರಾದರೂ ಹೇಳಿದರೆ, ಯಾವ ಮಣಿಯು ಹೊಂದಲಿಲ್ಲ, ತೋರಿಸಿರಿ ಎಂದು ಕೇಳುವುದು. ಅದು ಕೇಳಲು ತಕ್ಕ ಪ್ರಶ್ನೆ, ಉತ್ತರವಿರುವ ಪ್ರಶ್ನೆ.

ಅಭ್ಯಾಸ

೧. ಲಿಂಗಸುಗೂರು ಎಂಬಲ್ಲಿ ಅಕ್ಷರಗಳೆಷ್ಟು, ಮಣಿಗಳೆಷ್ಟು, ಬೈಟುಗಳೆಷ್ಟು? ಮೊದಲು ಕಾಗದದ ಮೇಲೆ ಬಿಡಿಸಿ, ಆಮೇಲೆ ಯಂತ್ರವನ್ನು ಕೇಳಿರಿ.
೨. ಮಸ್ಕಿಯಲ್ಲಿ ವರ್ಣಗಳೂ ಐದು, ಮಣಿಗಳೂ ಐದು. ಬಳಗಾನೂರಿನಲ್ಲಿ ಹೊಂದದ ಲೆಕ್ಕವು ಇಲ್ಲಿ ಹೊಂದಿದುದೇಕೆ?
೩. ಹೊಸ, ಕನ್ನಡ ಎಂಬ ಎರಡು ಸರಗಳನ್ನು ಕೂಡಿಸಿ ಹೊಸಗನ್ನಡವೆಂದು ಬರಿಸುವ ವಿಧಿಯನ್ನು ಬರೆಯಿರಿ.
೪. ನಿಮ್ಮ ಮನೆಯವರ ಹೆಸರುಗಳನ್ನು ಪಡಿತರ ಚೀಟಿ, ಪಾಸ್‌ಬುಕ್ಕು, ಅಂಕಪಟ್ಟಿಗಳಲ್ಲಿ ಹೇಗಿವೆಯೋ ಹಾಗೆಯೇ ಮೂರು ಸರಗಳಾಗಿ ಬರೆದು ಯಂತ್ರದಿಂದ ಹೋಲಿಸಿರಿ. ಹೊಂದದ ಕಡೆ ಏಕೆಂಬುದನ್ನು ಗುರುತುಮಾಡಿಟ್ಟುಕೊಳ್ಳಿರಿ. ಕಾಗದವನ್ನು ತಿದ್ದಿಸಬೇಕಾಗಿ ಬಂದಾಗ ಅದು ಉಪಯೋಗಕ್ಕೆ ಬರುವುದು.

ಮೊದಲ ಮೂರರ ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ಕೊಡುವೆವು. ಗೊಂಚಲು ಕಟ್ಟುವ ವಿಧಿಯನ್ನು ಮಕ್ಕಳು ಚೆನ್ನಾಗಿ ರೂಢಿಮಾಡಿಕೊಂಡಿರಲಿ. ಅದರ ಸಹಾಯದಿಂದ ಪದ್ಯದ ಲಘುಗುರುಗಳನ್ನು ಯಂತ್ರದಿಂದ ಗುರುತಿಸುವ ಬಗೆಯನ್ನು ಮುಂದಿನ ತಿಂಗಳು ವಿಚಾರಿಸುವೆವು.